ರುದ್ರಣ್ಣನ ಮನೆಯ ಉದ್ದ ಕೇಬಲ್

ಎಚ್‌ಡಿಎಂಐ ಕೇಬಲ್ ಆರಿಸುವ ವಿಷಯದಲ್ಲಿ ನಮ್ಮ ಊರಿನಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಊರಿಗೆ ವಾಪಸಾದ ಮೇಲೆ ಮುನೀರ್ ಸಾಹೇಬರ ಎಲೆಕ್ಟ್ರಿಕ್ ಅಂಗಡಿಗೆ ಸೇರಿದೆ. ಮನೆಮನೆಗೆ ಹೋಗಿ ಟಿವಿಯನ್ನು ಗೋಡೆಗೆ ಹಾಕಿಸುವುದು, ಸ್ಪೀಕರ್ ಇಡಿಸುವುದು, ಯಾವುದಕ್ಕೆ ಯಾವ ಕೇಬಲ್ ಎಂದು ಹೇಳುವುದು ನನ್ನ ಕೆಲಸವಾಯಿತು. ಕೇಬಲ್ಲಿನ ಮಟ್ಟಿಗೆ ತಿಳಿಯಬೇಕಾದದ್ದು ಬಹಳ ಇಲ್ಲ. ಅದು ಪ್ಲೇಯರಿನಿಂದ ಟಿವಿಗೆ ಚಿತ್ರವನ್ನು ತಲುಪಿಸುತ್ತದೆ, ಇಲ್ಲವೇ ತಲುಪಿಸುವುದಿಲ್ಲ. ತುದಿಗೆ ಚಿನ್ನದ ನೀರು ಹಾಕಿದ ಮಾತ್ರಕ್ಕೆ ತೆರೆಯ ಮೇಲಿನ ನಾಯಕಿ ಇನ್ನಷ್ಟು ಚೆಲುವೆಯಾಗುವುದಿಲ್ಲ. ಟಿವಿಗೆ ತಕ್ಕ ದರ್ಜೆ, ಜಾಗಕ್ಕೆ ತಕ್ಕ ಉದ್ದ, ಅಷ್ಟೇ. ಕಷ್ಟ ಇರುವುದು ಮನೆಗಳಲ್ಲಿ.

ನಮ್ಮ ಊರಿನಲ್ಲಿ ಮಾತು ತಡವಾಗಿ ಬರುತ್ತದೆ. ತುಟಿ ಆಡುತ್ತದೆ, ನಿಲ್ಲುತ್ತದೆ, ಆಮೇಲೆ ದನಿ ಬಂದು ಸೇರುತ್ತದೆ. ನಡುವಿನ ಖಾಲಿಗೆ ನಾವು ಬಿಡುವು ಎನ್ನುತ್ತೇವೆ. ಒಂದೊಂದು ಮನೆಗೆ ಒಂದೊಂದು ಬಿಡುವು. ನಮ್ಮ ಮನೆಯದು ಒಂದು ಗುಟುಕು ಕಾಫಿ ಕುಡಿಯುವಷ್ಟು. ಎದುರು ಮನೆಯ ದರ್ಜಿಯದು ಸೂಜಿಗೆ ದಾರ ಪೋಣಿಸುವಷ್ಟು. ಬೀದಿಯಲ್ಲಿ, ಬಯಲಿನಲ್ಲಿ ಕಣ್ಣು ಮಿಟುಕಿಸುವಷ್ಟು ಇರಬಹುದು. ಮಕ್ಕಳು ಅಕ್ಷರ ಓದುವ ಮೊದಲು ತುಟಿ ಓದಲು ಕಲಿಯುತ್ತವೆ. ತುಟಿ ಓದಿ ಅರ್ಥವಾದರೂ ದನಿ ಬರುವ ತನಕ ಉತ್ತರ ಕೊಡಬಾರದು, ಅದು ಅವಸರಗೇಡಿತನ. ಟಿವಿಯಲ್ಲಿ ಅಪಘಾತದ ಸುದ್ದಿ ಓದಿದ ಹುಡುಗಿ ನಗುನಗುತ್ತ ಹವಾಮಾನ ಹೇಳುವಾಗ ನಮ್ಮ ನಡುಮನೆಗೆ ಸತ್ತವರ ವಿವರ ಬರುತ್ತಿರುತ್ತದೆ. ನಮಗೆ ಅದು ಅಭ್ಯಾಸ.

ಈ ಊರಿನವರಿಗೆ ಇನ್ನೊಂದು ಅಭ್ಯಾಸವಿದೆ. ಎದುರಿನವರ ತುಟಿಯ ಮೇಲೆ ಕೇಳಬಾರದ ಮಾತು ಕಂಡರೆ ಎದ್ದು ಹೊರಗೆ ಹೋಗಿಬಿಡುತ್ತೇವೆ. ದನಿ ಬರುವ ಹೊತ್ತಿಗೆ ಕೋಣೆಯಲ್ಲಿ ಆಡಿದವರೊಬ್ಬರೇ ಉಳಿದಿರುತ್ತಾರೆ. ಬೇರೆಯವರ ಕಿವಿಗೆ ಬೀಳದ ಮಾತು ಆಡದ ಮಾತು ಎಂದೇ ಲೆಕ್ಕ. ಹೋದವರು ಅಂಗಳದಲ್ಲಿ ಒಂದು ಸುತ್ತು ಹಾಕಿ ಒಳಗೆ ಬಂದು, ಕಿಟಕಿ ತೆರೆದು, ಸಾರಿಗೇನು ಹಾಕಿದ್ದೀ ಎಂದು ಕೇಳಿದರೆ ಜಗಳ ಮುಗಿಯಿತು. ಅದಕ್ಕೇ ನಮ್ಮ ಊರಿನ ಮನೆಗಳಲ್ಲಿ ಕುರ್ಚಿಗಳೆಲ್ಲ ಬಾಗಿಲ ಹತ್ತಿರ ಇರುತ್ತವೆ. ನಮ್ಮಪ್ಪನಿಗೆ ಹಿತ್ತಲಿನ ಕರಿಬೇವಿನ ಗಿಡದ ಮೇಲೆ ಬಹಳ ಪ್ರೀತಿ ಎಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆ. ದಿನಕ್ಕೆ ಹಲವು ಸಲ ಅದರ ಹತ್ತಿರ ಹೋಗಿ ನಿಲ್ಲುತ್ತಿದ್ದ.

ಓದಲು ಹೋದ ಊರಿನಲ್ಲಿ ಬಿಡುವು ಇರಲಿಲ್ಲ. ಅಲ್ಲಿ ಮಾತು ತುಟಿ ಬಿಡುವಾಗಲೇ ಕಿವಿಗೆ ಬಡಿಯುತ್ತಿತ್ತು. ಹಾಸ್ಟೆಲಿನಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಕೆನ್ನೆಗೆ ಏಟು ಬಿದ್ದ ಹಾಗೆ ಬೆಚ್ಚುತ್ತಿದ್ದೆ. ಹೇಳಿದ್ದಕ್ಕೂ ಕೇಳಿದ್ದಕ್ಕೂ ನಡುವೆ ಮನುಷ್ಯ ನಿಂತುಕೊಳ್ಳಲು ಒಂದು ಹೆಜ್ಜೆ ಜಾಗ ಇಲ್ಲದ ಕಡೆ ಜನ ಹೇಗೆ ಬದುಕುತ್ತಾರೆ ಎಂದು ಈಗಲೂ ಯೋಚಿಸುತ್ತೇನೆ. ಊರಿಗೆ ವಾಪಸಾದ ದಿನ ಅಮ್ಮ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಅದು ಬರುವವರೆಗೆ ನಾನು ಕಾಯುತ್ತ ನಿಂತಿದ್ದೆನಲ್ಲ, ಅಷ್ಟು ಸುಖ ನನಗೆ ಯಾವ ಮಾತಿನಿಂದಲೂ ಆಗಿಲ್ಲ.

ರುದ್ರಣ್ಣ ಅಂಗಡಿಗೆ ಬಂದದ್ದು ಒಂದು ಮಂಗಳವಾರ. ತಿಪ್ಪೇರುದ್ರಪ್ಪ ಎಂದು ಪೂರ್ತಿ ಹೆಸರು, ಕಾಲುವೆಯ ಹತ್ತಿರ ಹಿಟ್ಟಿನ ಗಿರಣಿ ನಡೆಸುತ್ತಾರೆ. ಹುಬ್ಬಿನ ಮೇಲೆ ಯಾವಾಗಲೂ ರಾಗಿ ಹಿಟ್ಟಿನ ಪುಡಿ ಕೂತಿರುತ್ತದೆ. ಅವರ ಮನೆಯ ಬಿಡುವು ಊರಿಗೇ ದೊಡ್ಡದು. ಒಬ್ಬರು ಮಾತಾಡಿ ಮುಗಿಸಿದ ಮೇಲೆ ಇನ್ನೊಬ್ಬರು ನಿಧಾನವಾಗಿ ಒಂದು ಬಾಳೆಹಣ್ಣು ಸುಲಿಯಬಹುದು. ಅವರ ಹೆಂಡತಿ ವನಮಾಲಕ್ಕ ರೈಲಿರುವ ಊರಿನವರು, ಬಿಡುವಿಲ್ಲದ ಊರಿನವರು. ಕಳೆದ ಬೇಸಿಗೆಯಲ್ಲಿ ಮನೆ ಬಿಟ್ಟು, ಪೇಟೆ ಬೀದಿಯ ಬೇಕರಿಯ ಮೇಲಿನ ಕೋಣೆಗೆ ಹೋಗಿದ್ದರು. ಬೇಕರಿಯ ಗಲ್ಲಾ ಅವರೇ ನೋಡಿಕೊಳ್ಳುತ್ತಿದ್ದರು. ಇದು ಊರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

"ಸಾಹೇಬ್ರೆ, ಇದಕ್ಕಿಂತ ಗಿಡ್ಡದ್ದು ಇದೆಯಾ?" ರುದ್ರಣ್ಣ ಚೀಲದಿಂದ ಕೇಬಲ್ಲುಗಳನ್ನು ತೆಗೆದು ಮೇಜಿನ ಮೇಲೆ ಸುರಿದರು. ಬಟ್ಟೆ ಹೆಣೆದದ್ದು, ಚಿನ್ನದ ತುದಿಯದು, ಹಾವಿನ ಹಾಗೆ ಚಪ್ಪಟೆಯದು. ಕಡೆಯದು ನನ್ನ ಅಂಗೈಯಷ್ಟಿತ್ತು.

"ಇದಕ್ಕಿಂತ ಗಿಡ್ಡ ಬೇಕಂದ್ರೆ ಎರಡು ತುದೀನ ಗೋಂದು ಹಾಕಿ ಅಂಟಿಸಿ ಕೊಡ್ಬೇಕು ನೋಡಿ," ಎಂದರು ಮುನೀರ್ ಸಾಹೇಬರು.

ಕೇಬಲ್ ಗಿಡ್ಡವಾದಷ್ಟೂ ಮನೆಯ ಬಿಡುವು ಕಡಿಮೆಯಾಗುತ್ತದೆ ಎಂದು ನಮ್ಮ ಊರಿನಲ್ಲಿ ಒಂದು ನಂಬಿಕೆ. ಟಿವಿ ಬಂದ ಕಾಲದಿಂದ ಇದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಪ್ಲೇಯರ್ ಪೆಟ್ಟಿಗೆ ಟಿವಿಯ ಕೊರಳಿಗೆ ಜೋತುಬಿದ್ದಿರುತ್ತದೆ. ನಾನು ಎಷ್ಟು ಹೇಳಿದರೂ ಜನ ಕೇಳುವುದಿಲ್ಲ, ಸಾಹೇಬರೂ ಗಿಡ್ಡ ಕೇಬಲ್ ತರಿಸುವುದನ್ನು ನಿಲ್ಲಿಸುವುದಿಲ್ಲ.

"ಅಣ್ಣ, ಕೇಬಲ್ಲಿಗೂ ಬಿಡುವಿಗೂ ಸಂಬಂಧ ಇಲ್ಲ," ಎಂದೆ. "ಚಿತ್ರ ಬೆಳಕು. ಅದು ತಕ್ಷಣ ಬರುತ್ತೆ. ದನಿ ಸ್ಪೀಕರಿನಿಂದ ಹೊರಗೆ ಬಂದ ಮೇಲೆ ನಿಮ್ಮ ಮನೆ ಗಾಳೀಲಿ ತಡ ಆಗೋದು. ಗಿಡ್ಡ ಮಾಡಿ ಏನು ಬಂತು?"

"ಹಂಗಾದ್ರೆ ಏನೂ ಮಾಡಕ್ಕಾಗಲ್ವಾ?"

ಆಗ ಅವರು ವಿಷಯ ಹೇಳಿದರು. ಬೇಕರಿಯ ಯಜಮಾನರು ವನಮಾಲಕ್ಕನ ತವರೂರಿನಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಿದ್ದಾರೆ. ಅದನ್ನು ನಡೆಸಲು ಅವರನ್ನೇ ಕಳಿಸುತ್ತಿದ್ದಾರೆ. ಸೋಮವಾರದ ಬಸ್ಸಿಗೆ ಹೊರಟರೆ ಇನ್ನು ವಾಪಸಿಲ್ಲ. ಭಾನುವಾರ ಮಧ್ಯಾಹ್ನ ಹೊಲಿಗೆ ಮೆಷಿನ್ ಒಯ್ಯಲು ಮನೆಗೆ ಬರುತ್ತಾರೆ.

"ಅವಳಿಗೆ ಸಿನಿಮಾ ಅಂದ್ರೆ ಪ್ರಾಣ," ಎಂದರು. "ನಮ್ಮ ಮನೇಲಿ ನೋಡಕ್ಕೆ ಕೂತ್ರೆ ತಲೆನೋವು ಅಂತಿದ್ಲು. ಬಾಯಿ ಒಂದು ಕಡೆ, ಮಾತು ಒಂದು ಕಡೆ. ಅದಕ್ಕೇ ಬಿಟ್ಟು ಹೋದ್ಲು. ಅವತ್ತು ಒಂದು ಸಿನಿಮಾ ಸರಿಯಾಗಿ ತೋರಿಸಿದ್ರೆ, ಅವಳು ಕೂತು ನೋಡಿದ್ರೆ, ನಿಲ್ತಾಳೆ ಕಣಮ್ಮ. ನೀನು ಓದಿದವಳು. ಸರಿಯಾದ ಕೇಬಲ್ ಯಾವ್ದು ಹೇಳು."

ನಾಳೆ ಮನೆಗೆ ಬಂದು ನೋಡುತ್ತೇನೆ ಎಂದೆ. ಅವರು ಹೋದ ಮೇಲೆ ಸಾಹೇಬರು ಮೇಜಿನ ಮೇಲಿನ ಹಿಟ್ಟು ಒರೆಸುತ್ತ, "ಏನು ಎಮ್ಮೆಸ್ಸಿ, ಸಂಸಾರ ರಿಪೇರಿಗೂ ಗ್ಯಾರಂಟಿ ಕಾರ್ಡ್ ಕೊಡ್ತೀಯಾ?" ಎಂದರು.

ರುದ್ರಣ್ಣನ ನಡುಮನೆ ಉದ್ದಕ್ಕೆ ರೈಲು ಡಬ್ಬಿಯ ಹಾಗಿದೆ. ಒಂದು ತುದಿಗೆ ಬೀದಿ ಬಾಗಿಲು, ಇನ್ನೊಂದು ತುದಿಯ ಗೋಡೆಯಲ್ಲಿ ಒಂದು ಗೂಡು. ಕರೆಂಟಿನ ಪಾಯಿಂಟ್ ಇರುವುದು ಅಲ್ಲಿ ಮಾತ್ರ. ಟಿವಿ, ಪ್ಲೇಯರ್, ಸ್ಪೀಕರ್ ಎಲ್ಲವೂ ಗಿಡ್ಡ ಕೇಬಲ್ಲಿನ ಆಸೆಗೆ ಆ ಗೂಡಿನ ಸುತ್ತ ಚಳಿಗೆ ಮುದುಡಿದ ಹಾಗೆ ಒತ್ತಿಕೊಂಡಿದ್ದವು. ಬಾಗಿಲ ಪಕ್ಕ ಒಂದು ಬೆತ್ತದ ಕುರ್ಚಿ ಒಂಟಿಯಾಗಿತ್ತು. ಅದರ ಎದುರು ಗೋಡೆಯಲ್ಲಿ ಟಿವಿ ಇದ್ದ ಜಾಗದ ಮೊಳೆಗಳು ಹಾಗೇ ಇದ್ದವು.

"ಅದು ಅವಳ ಕುರ್ಚಿ," ಎಂದರು ರುದ್ರಣ್ಣ. ನಾನು ಅವರ ತುಟಿ ನೋಡಿ, ದನಿಗಾಗಿ ಕಾದೆ. ಆ ಮನೆಯ ಬಿಡುವು ಎಷ್ಟು ಆಳ! ಗೋಡೆ ಗಡಿಯಾರದ ಕೆಳಗೆ ನಿಂತು, ಲೋಲಕ ಆಡುವುದನ್ನು ನೋಡಿದೆ. ಸದ್ದು ಎಂದಿನದೋ ಬರುತ್ತಿತ್ತು. ಒಬ್ಬ ಮನುಷ್ಯ ಇಲ್ಲಿ ಒಂಟಿಯಾಗಿ ಊಟಕ್ಕೆ ಕೂತರೆ ತಟ್ಟೆಯ ಸದ್ದು ಅವನಿಗೆ ಪಕ್ಕದಲ್ಲಿ ಬೇರೆ ಯಾರೋ ಉಣ್ಣುತ್ತಿರುವಂತೆ ಕೇಳಿಸುತ್ತಿರಬೇಕು ಎಂದುಕೊಂಡೆ. ಬಹುಶಃ ಅದೇ ಅವರಿಗೆ ಜೊತೆ.

ಉಪಾಯ ಅಲ್ಲೇ ಹೊಳೆಯಿತು. ದನಿಯನ್ನು ಬೇಗ ತರಲಾಗುವುದಿಲ್ಲ. ಚಿತ್ರವನ್ನು ತಡ ಮಾಡಬಹುದು. ಎರಡು ಪ್ಲೇಯರ್, ಎರಡು ಪೆನ್‌ಡ್ರೈವ್, ಎರಡರಲ್ಲೂ ಒಂದೇ ಸಿನಿಮಾ. ಒಂದು ಸ್ಪೀಕರಿಗೆ ಮಾತ್ರ, ಒಂದು ದನಿ ಮುಚ್ಚಿದ ಟಿವಿಗೆ ಮಾತ್ರ. ಮೊದಲು ದನಿಯ ಪ್ಲೇಯರಿನ ಬಟನ್ ಒತ್ತಬೇಕು. ಮನೆಯ ಬಿಡುವು ಕಳೆದ ಮೇಲೆ ಚಿತ್ರದ ಪ್ಲೇಯರಿನ ಬಟನ್. ಆಗ ತುಟಿಯೂ ಮಾತೂ ಒಟ್ಟಿಗೆ ಬಂದು ಕೂರುತ್ತವೆ.

"ಎಷ್ಟು ಹೊತ್ತು ಬಿಟ್ಟು ಒತ್ಬೇಕು?" ಎಂದು ಅವರು ಕೇಳಿದರು.

"ಅದು ನನಗಿಂತ ನಿಮಗೆ ಗೊತ್ತು," ಎಂದೆ. ಅವರು ಚಪ್ಪಾಳೆ ತಟ್ಟಿ, ತಮ್ಮ ಹೆಬ್ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಒತ್ತಿದಂತೆ ಇಳಿಸಿದರು. ಇಳಿದ ಕ್ಷಣಕ್ಕೇ ಚಪ್ಪಾಳೆಯ ಸದ್ದು ಬಂತು. ಕೂದಲೆಳೆಯೂ ಹೆಚ್ಚುಕಡಿಮೆಯಾಗಲಿಲ್ಲ. ಹುಟ್ಟಿ ಬೆಳೆದ ಮನೆ.

ಇನ್ನು ಕೇಬಲ್. ಟಿವಿ ಬೆತ್ತದ ಕುರ್ಚಿಯ ಎದುರು ಹಳೆಯ ಜಾಗಕ್ಕೇ ಹೋಗಬೇಕು ಎಂದೆ. ಅದಕ್ಕೆ ಬೇಕಾದ ಕರೆಂಟಿಗೆ ಗೂಡಿನಿಂದ ಒಂದು ವಯರ್ ಎಳೆದರಾಯಿತು. ಪ್ಲೇಯರುಗಳು ಗೂಡಿನಲ್ಲೇ ಇರಲಿ. ಹಾಗಾದರೆ ಕೇಬಲ್ ಗೂಡಿನಿಂದ ಹೊರಟು ಸೂರಿನಂಚಿಗೆ ಹತ್ತಿ, ಅಷ್ಟುದ್ದದ ಗೋಡೆ ದಾಟಿ, ಟಿವಿಯ ಬೆನ್ನಿಗೆ ಇಳಿಯಬೇಕು. ತಾಮ್ರದ ಸಾಮಾನ್ಯ ಕೇಬಲ್ಲಿಗೆ ಅಷ್ಟು ದೂರ ಇಂಥ ದೊಡ್ಡ ಚಿತ್ರ ಹೊತ್ತು ನಡೆಯುವ ತಾಕತ್ತಿಲ್ಲ. ನಡುದಾರಿಯಲ್ಲಿ ಸುಸ್ತಾಗುತ್ತದೆ, ತೆರೆಯ ಮೇಲೆ ಬಿಳಿ ಚುಕ್ಕೆಗಳು ಹಾರುತ್ತವೆ, ಆಗಾಗ ಕಪ್ಪಾಗುತ್ತದೆ. ಒಳಗೆ ಗಾಜಿನ ಎಳೆ ಇರುವ, ಬೆಳಕಿನಲ್ಲಿ ಚಿತ್ರ ಒಯ್ಯುವ ಕೇಬಲ್ ಬೇಕು. ಅಂಗಡಿಯ ಅಟ್ಟದಲ್ಲಿ ಅಂಥದ್ದೊಂದು ವರ್ಷಗಳಿಂದ ಧೂಳು ತಿನ್ನುತ್ತ ಬಿದ್ದಿತ್ತು. ಉದ್ದದ ಕೇಬಲ್ ಈ ಊರಿನಲ್ಲಿ ಯಾರಿಗೆ ಬೇಕು?

"ಊರೆಲ್ಲ ಗಿಡ್ಡದ್ದು ಕೇಳಿದ್ರೆ ನೀನು ಬಾವಿ ಹಗ್ಗ ಮಾರ್ತಿದ್ದೀಯಲ್ಲೇ," ಎಂದು ಸಾಹೇಬರು ಅಟ್ಟದಿಂದ ಅದನ್ನು ಕೆಳಗೆ ಎಸೆದರು.

ಗುರುವಾರ ಕೇಬಲ್ ಒಯ್ದು ಕೊಟ್ಟೆ. ಗೋಡೆಗೆ ಹಾಕುವುದನ್ನು ತಾವೇ ಮಾಡುವುದಾಗಿ ರುದ್ರಣ್ಣ ಹಟ ಹಿಡಿದರು. ಗಿರಣಿಯ ಬೆಲ್ಟು, ಚಕ್ರ ಎಲ್ಲ ಸ್ವಂತ ಕೈಯಲ್ಲಿ ಜೋಡಿಸುವ ಮನುಷ್ಯ, ಇದೇನು ಮಹಾ ಎಂದು ಬಿಟ್ಟು ಬಂದೆ. ಶುಕ್ರವಾರ ಸಂಜೆ ಹೋಗಿ ನೋಡಿದರೆ ಕೇಬಲ್ ಸೂರಿನಂಚಿನಲ್ಲಿ ಗೆರೆ ಎಳೆದ ಹಾಗೆ ನೇರವಾಗಿ ಕೂತಿತ್ತು. ರುದ್ರಣ್ಣ ಕಪ್ಪು ಟಿವಿಯ ಮುಂದೆ ಕೈಕಟ್ಟಿ ಕೂತಿದ್ದರು.

"ಏನಣ್ಣ?"

"ಚಿತ್ರ ಬರ್ಬೇಕು."

"ಯಾವಾಗ ಬಟನ್ ಒತ್ತಿದ್ರಿ?"

"ಊಟ ಆದ ಮೇಲೆ." ಅವರು ನನ್ನತ್ತ ತಿರುಗಲಿಲ್ಲ. "ಕೇಬಲ್ ಉದ್ದ ಅಲ್ವಾ. ಬಿಡುವು ಜಾಸ್ತಿ ಆಗಿದೆ. ಬರುತ್ತೆ."

ಟಿವಿಯ ಹಿಂದೆ ಕೈ ಹಾಕಿ ಕೇಬಲ್ಲಿನ ತುದಿ ನೋಡಿದೆ. ಈ ಜಾತಿಯ ಕೇಬಲ್ಲಿಗೆ ದಿಕ್ಕು ಇರುತ್ತದೆ. ಒಂದು ತುದಿ ಪ್ಲೇಯರಿಗೆ, ಒಂದು ತುದಿ ಟಿವಿಗೆ ಎಂದು ಗುರುತು ಮಾಡಿರುತ್ತಾರೆ. ಅವರು ಉಲ್ಟಾ ಹಾಕಿದ್ದರು. ಉಲ್ಟಾ ಹಾಕಿದರೆ ಬೆಳಕು ಈ ಕಡೆಗೆ ಹರಿಯುವುದೇ ಇಲ್ಲ.

"ಅಣ್ಣ, ಇದು ತಡ ಅಲ್ಲ. ತಪ್ಪು. ಹೀಗೆ ಕೂತ್ರೆ ಈ ಜನ್ಮದಲ್ಲಿ ಬರಲ್ಲ."

ನನ್ನ ಮಾತು ತಲುಪಿದ ಮೇಲೂ ಅವರು ತೆರೆಯಿಂದ ಕಣ್ಣು ತೆಗೆಯಲಿಲ್ಲ. ತಡವಾಗಿ ಬರುವುದಕ್ಕೂ ಬರದೇ ಇರುವುದಕ್ಕೂ ವ್ಯತ್ಯಾಸ ಈ ಮನುಷ್ಯನಿಗೆ ತಿಳಿಯುವುದಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಕೋಪ ಬರಬೇಕಿತ್ತು, ಬರಲಿಲ್ಲ. ಒಂದು ಮಧ್ಯಾಹ್ನವೆಲ್ಲ ಕಪ್ಪು ತೆರೆಯನ್ನು ಅಷ್ಟು ನಂಬಿಕೆಯಿಂದ ನೋಡುವವರು ಇನ್ನೇನನ್ನೆಲ್ಲ ಹೀಗೆ ಕಾಯುತ್ತ ಕೂತಿರಬಹುದು? ಇಬ್ಬರೂ ಸೇರಿ ಕೇಬಲ್ ಬಿಚ್ಚಿ ತಿರುಗಿಸಿ ಹಾಕಿದೆವು. ಅವರು ಒಂದು ಬಟನ್ ಒತ್ತಿದರು, ಕಾದರು, ಇನ್ನೊಂದು ಒತ್ತಿದರು. ತೆರೆಯ ಮೇಲೆ ಒಬ್ಬ ಹೆಂಗಸು ಬಾಯಿ ತೆರೆದಳು, ಮಾತು ಅವಳ ಬಾಯಿಂದಲೇ ಬಂತು. ನಮ್ಮ ಊರಿನಲ್ಲಿ ನಾನು ಅದನ್ನು ಹಿಂದೆಂದೂ ಕಂಡಿರಲಿಲ್ಲ. ರುದ್ರಣ್ಣ ಹೆದರಿ ಒಂದು ಹೆಜ್ಜೆ ಹಿಂದೆ ಸರಿದರು.

ಶನಿವಾರ ನಾನು ಬೇಕರಿಗೆ ಹೋದೆ. ವನಮಾಲಕ್ಕನಿಗೆ ಸಿನಿಮಾದ ಸಂಗತಿ ಮೊದಲೇ ಹೇಳಿದರೆ ಭಾನುವಾರ ಸ್ವಲ್ಪ ಸಮಯ ಮಾಡಿಕೊಂಡು ಬರುತ್ತಾರೆ ಎನ್ನುವ ಲೆಕ್ಕ ನನ್ನದು. ಅವರು ರಸ್ಕಿನ ಪೊಟ್ಟಣ ಕಟ್ಟುತ್ತ ಎಲ್ಲ ಕೇಳಿಸಿಕೊಂಡರು. ಆಮೇಲೆ ನಕ್ಕರು.

"ಟಿವಿಗೋಸ್ಕರ ಗಂಡನ್ನ ಬಿಟ್ಟು ಬಂದೆ ಅಂತಾರಾ? ಅಯ್ಯೋ ವೇಣಿ, ನೀನೂ ನಂಬಿದ್ಯಾ?"

"ತಲೆನೋವು ಬರ್ತಿತ್ತಂತೆ."

"ಬರ್ತಿತ್ತು. ಮಾತ್ರೆ ನುಂಗ್ತಿದ್ದೆ." ದಾರವನ್ನು ಹಲ್ಲಿನಲ್ಲಿ ಕಡಿದರು. "ಮದುವೆಯಾಗಿ ಬಂದಾಗಿನಿಂದ ಅವರಿಗೆ ಒಂದು ಮಾತು ಹೇಳ್ಬೇಕು ಅಂತಿದ್ದೆ. ದೊಡ್ಡದಲ್ಲ, ಬೈಗುಳ ಅಲ್ಲ. ಬಾಯಿ ತೆಗೀತೀನಿ, ಅವರು ನನ್ನ ತುಟಿ ನೋಡ್ತಾರೆ, ಚಪ್ಪಲಿ ಮೆಟ್ಟಿ ಹೊರಗೆ ಹೋಗ್ತಾರೆ. ಆ ಮನೆ ಬಿಡುವು ನಿನಗೆ ಗೊತ್ತಲ್ಲ, ಗಿರಣಿವರೆಗೂ ಹೋಗಿ ಬರಬಹುದು. ನನ್ನ ಮಾತು ನಾನೊಬ್ಬಳೇ ಕೇಳಿಸ್ಕೊಂಡು ಕೂತಿರ್ತಿದ್ದೆ. ಆಮೇಲೆ ಬಂದು ಕಿಟಕಿ ತೆಗೆದು, ಸಾರಿಗೇನು ಅಂತಾರೆ."

"ಅದು ಮರ್ಯಾದೆ, ಅಕ್ಕ. ನಮ್ಮಲ್ಲಿ ಹಾಗೇ."

"ಮರ್ಯಾದೆ," ಎಂದರು. ರಸ್ಕಿನ ಪೊಟ್ಟಣ ನನ್ನ ಮುಂದೆ ಇಟ್ಟರು. "ನಿಮ್ಮೂರಿನ ಗಂಡಸರೆಲ್ಲ ಎಷ್ಟು ಮರ್ಯಾದಸ್ಥರು. ಅಂಗಳದ ತುಂಬ ಅವರೇ."

ಬೀದಿಗೆ ತೆರೆದ ಬೇಕರಿಯ ಬಿಡುವು ಚಿಕ್ಕದು. ಆ ಮಾತು ತಪ್ಪಿಸಿಕೊಳ್ಳಲು ನನಗೆ ಸಮಯವಾಗಲಿಲ್ಲ. ಮನೆಯ ದಾರಿಯುದ್ದಕ್ಕೂ ನನ್ನ ಕಣ್ಣಿಗೆ ಕಟ್ಟಿದ್ದು ಕರಿಬೇವಿನ ಗಿಡ. ನಾನು ಇಷ್ಟು ಮೆಚ್ಚಿಕೊಂಡಿದ್ದ ಮೌನಗಳಲ್ಲಿ ಎಷ್ಟರ ಒಳಗೆ ಒಬ್ಬ ಹೆಂಗಸು ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತ ಕೂತಿದ್ದಳೋ. ಅಮ್ಮ ಆಗ ಅಡುಗೆಮನೆಯಲ್ಲಿ ಏನು ಹೇಳಿದ್ದಳು? ಅವಳ ತುಟಿಯನ್ನೂ ನಾನು ಓದಿರಲಿಲ್ಲ. ಗಿಡದ ಹತ್ತಿರ ನಿಂತ ಅಪ್ಪನನ್ನು ನೋಡುತ್ತಿದ್ದೆ. ಆದರೂ ಬಿಡುವಿನ ಮೇಲೆ ನನಗೆ ಬೇಸರ ಹುಟ್ಟಲಿಲ್ಲ. ಕೆಟ್ಟದ್ದು ಬಿಡುವಲ್ಲ, ಅದು ಮುಗಿಯುವ ಮೊದಲೇ ಎದ್ದು ಹೋಗುವುದು. ಇಷ್ಟು ಸ್ಪಷ್ಟವಾದ ಮೇಲೆ ನಾನು ಮತ್ತೆ ರುದ್ರಣ್ಣನ ಮನೆಗೆ ಹೋದೆ.

ಅವರು ಬೆತ್ತದ ಕುರ್ಚಿ ಒರೆಸುತ್ತಿದ್ದರು. ತಮ್ಮ ಕುರ್ಚಿಯನ್ನೂ ತಂದು ಅದರ ಪಕ್ಕ, ಬಾಗಿಲಿಗೆ ಇನ್ನೂ ಹತ್ತಿರ ಹಾಕಿಕೊಂಡಿದ್ದರು.

"ನಿಮ್ಮ ಕುರ್ಚಿ ಇಲ್ಲಿ ಬೇಡ," ಎಂದೆ. "ಗೂಡಿನ ಹತ್ತಿರ ಹಾಕಿ. ಎರಡು ರಿಮೋಟೂ ಅಲ್ಲಿಂದಲೇ ಒತ್ಬೇಕು, ದೂರದಿಂದ ಹಿಡಿಯಲ್ಲ." ಇದರಲ್ಲಿ ಅರ್ಧ ಮಾತ್ರ ನಿಜ. ಗೂಡಿನ ಹತ್ತಿರ ಕೂತವರು ಬಾಗಿಲಿಗೆ ಹೋಗಬೇಕಾದರೆ ನಡುಮನೆಯ ಉದ್ದಕ್ಕೂ ನಡೆದು, ಬೆತ್ತದ ಕುರ್ಚಿಯಲ್ಲಿರುವವರ ಮೊಣಕಾಲಿನ ಮುಂದೆಯೇ ಹಾದುಹೋಗಬೇಕು. ಉದ್ದದ ಕೇಬಲ್ ಆರಿಸುವಾಗ ನಾನು ಇದನ್ನು ಯೋಚಿಸಿರಲಿಲ್ಲ. ಆದರೆ ಆರಿಸಿದ್ದು ಸರಿಯಾಗಿಯೇ ಇತ್ತು.

ಅವರು ಕುರ್ಚಿ ಹೊತ್ತೊಯ್ದು ಗೂಡಿನ ಪಕ್ಕ ಇಟ್ಟರು. "ಅಣ್ಣ, ಇನ್ನೊಂದು ಮಾತು. ಅಕ್ಕ ಏನಾದ್ರೂ ಹೇಳಕ್ಕೆ ಶುರು ಮಾಡಿದ್ರೆ ಎದ್ದು ಹೋಗಬೇಡಿ."

ನನ್ನ ತುಟಿ ನೋಡಿದ ಕೂಡಲೇ ಅವರ ಕಾಲು ಬಾಗಿಲ ಕಡೆ ತಿರುಗಿತು. ಆದರೂ ನಿಂತರು, ಬಂದವರನ್ನು ಮನೆಯಲ್ಲಿ ಬಿಟ್ಟು ಹೋಗುವುದು ಹೇಗೆ? ದನಿ ಬಂತು. ಅವರು ನಿಜವಾಗಿಯೂ ಗಲಿಬಿಲಿಗೊಂಡರು.

"ಎದ್ದು ಹೋಗದೆ? ಬೇಜಾರಲ್ಲಿ ಏನೋ ಅಂದಿರ್ತಾಳೆ, ಅದನ್ನ ಹಿಡ್ಕೊಳ್ಳೋದಾ? ಕೇಳು ತಂಗಿ, ಇಷ್ಟು ವರ್ಷದಲ್ಲಿ ಅವಳು ಆಡಿದ ಒಂದೇ ಒಂದು ಬೇಡದ ಮಾತನ್ನೂ ನಾನು ಕಿವಿಗೆ ಹಾಕ್ಕೊಂಡಿಲ್ಲ. ಒಂದೇ ಒಂದನ್ನೂ!" ಅವರ ಮುಖದಲ್ಲಿ ಹೆಮ್ಮೆ ಇತ್ತು. ಹೆಂಡತಿಯನ್ನು ಅಷ್ಟು ಚೆನ್ನಾಗಿ ನೋಡಿಕೊಂಡ ಗಂಡಸಿನ ಹೆಮ್ಮೆ.

"ಅದಕ್ಕೇ ಹೋದ್ರು, ಅಣ್ಣ," ಎಂದೆ.

ಈ ಸಲ ದನಿ ಬರುವವರೆಗೆ ಅವರು ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದರು. ಬಂದ ಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ನಾನು ಚಪ್ಪಲಿ ಹಾಕಿಕೊಂಡು ಹೊರಟೆ.

ಭಾನುವಾರ ಮಧ್ಯಾಹ್ನ ವನಮಾಲಕ್ಕ ಬಂದದ್ದು ಮುನೀರ್ ಸಾಹೇಬರ ಗೂಡ್ಸ್ ಆಟೋದಲ್ಲಿ, ಸಾಹೇಬರ ಪಕ್ಕದಲ್ಲಿ ಕೂತು. ಹೊಲಿಗೆ ಮೆಷಿನ್ ಕಟ್ಟಲು ಬಿಚ್ಚಿಟ್ಟ ಹಗ್ಗ ಹಿಂದೆ ಬಿದ್ದಿತ್ತು. ಕೇಬಲ್ ನೋಡುವ ನೆಪದಲ್ಲಿ ನಾನು ಮೊದಲೇ ಬಂದು ನಡುಮನೆಯಲ್ಲಿದ್ದೆ. ಅವರು ಹಸಿರು ಸೀರೆ ಉಟ್ಟಿದ್ದರು. ಪ್ರಯಾಣಕ್ಕೆ ಹೊರಟವರ ಗತ್ತು ಆಗಲೇ ಬಂದಿತ್ತು. ನಡುಮನೆಗೆ ಕಾಲಿಟ್ಟು, ಹಳೆಯ ಜಾಗದಲ್ಲಿ ಟಿವಿ, ಹಳೆಯ ಜಾಗದಲ್ಲಿ ಕುರ್ಚಿ, ಸೂರಿನಂಚಿನ ಕಪ್ಪು ಗೆರೆ ಎಲ್ಲವನ್ನೂ ನೋಡಿದರು. ಹೊಲಿಗೆ ಮೆಷಿನ್ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು.

"ಒಂದು ಹಾಡು ನೋಡಿ ಹೋಗು," ಎಂದರು ರುದ್ರಣ್ಣ. ಹುಬ್ಬಿನ ಹಿಟ್ಟು ತೊಳೆದುಕೊಂಡಿದ್ದರಿಂದ ಅವರ ಮುಖ ಬೇರೆ ಯಾರದೋ ಆಗಿತ್ತು.

ವನಮಾಲಕ್ಕ ಆ ಮಾತಿಗಾಗಿ ಕಾದು, ಕುರ್ಚಿಯ ತುದಿಯಲ್ಲಿ ಕೂತರು. ಚಪ್ಪಲಿ ಬಿಟ್ಟಿರಲಿಲ್ಲ. ರುದ್ರಣ್ಣ ಗೂಡಿನ ಪಕ್ಕ ಕೂತು, ಎರಡು ಕೈಯಲ್ಲಿ ಎರಡು ರಿಮೋಟ್ ಹಿಡಿದರು. ಮೊದಲನೆಯದನ್ನು ಒತ್ತಿದರು. ಬಲಗೈಯ ಹೆಬ್ಬೆರಳು ಎರಡನೆಯದರ ಮೇಲೆ ಎದ್ದು ನಿಂತಿತು.

ಆ ಬಿಡುವಿನಲ್ಲಿ ವನಮಾಲಕ್ಕ ಗಂಡನ ಕಡೆ ತಿರುಗಿದರು. ಅವರು ಬಾಯಿ ತೆರೆಯುವುದು ಕಂಡ ಕೂಡಲೇ ನಾನು ಅಂಗಳಕ್ಕೆ ಬಂದೆ. ಇನ್ನೊಬ್ಬರ ಮಾತಿಗೆ ಕಿವಿಯಾಗದೆ ಹೊರಗೆ ಹೋಗುವುದು ನಾನು ಈಗಲೂ ಬಿಡದ ಮರ್ಯಾದೆ. ಆದರೆ ಕಿಟಕಿ ತೆರೆದಿತ್ತು, ಕಣ್ಣಿಗೆ ನಾನು ಮರ್ಯಾದೆ ಕಲಿಸಿಲ್ಲ. ಅವರ ತುಟಿ ಓದಿದೆ: "ರೀ, ನನಗೆ ಈ ಮನೇಲಿ ತುಂಬಾ ಒಂಟಿ ಅನ್ಸುತ್ತೆ."

ಇಷ್ಟೇ. ಇಷ್ಟು ವರ್ಷ ಆ ನಡುಮನೆಯಲ್ಲಿ ಒಂಟಿಯಾಗಿ ಬಂದು ಬಿದ್ದ ಮಾತು ಇಷ್ಟೇ.

ರುದ್ರಣ್ಣ ಎದ್ದರು. ಎದ್ದದ್ದು ಅವರಲ್ಲ, ಅವರ ಮೊಣಕಾಲು. ಬಾಗಿಲಿಗೆ ಹೋಗುವ ದಾರಿ ಉದ್ದವಿತ್ತು, ಅದರ ಕೊನೆಯಲ್ಲಿ ಅವರ ಹೆಂಡತಿ ಕೂತಿದ್ದರು. ಅವರು ಎರಡು ಹೆಜ್ಜೆ ಇಟ್ಟರು. ನಿಂತರು. ನನ್ನ ಪಕ್ಕದಲ್ಲಿ ಮುನೀರ್ ಸಾಹೇಬರು ಬೀಡಿ ಹಚ್ಚುವುದನ್ನು ಮರೆತು ಕಿಟಕಿಯ ಕಡೆ ನೋಡುತ್ತಿದ್ದರು. ರುದ್ರಣ್ಣ ಹಿಂದಕ್ಕೆ ಹೋಗಿ ಕೂತುಕೊಂಡರು. ಕುರ್ಚಿಯ ಎರಡು ಕೈಗಳನ್ನೂ ಗಟ್ಟಿಯಾಗಿ ಹಿಡಿದುಕೊಂಡರು, ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗೆ. ರಿಮೋಟುಗಳು ತೊಡೆಯ ಮೇಲೆ ಬಿದ್ದಿದ್ದವು. ಎರಡನೆಯ ಬಟನ್ ಅವರಿಗೆ ಮರೆತೇಹೋಗಿತ್ತು.

ಮೊದಲು ಬಂದದ್ದು ಸಿನಿಮಾದ ಸಂಗೀತ. ಕಪ್ಪು ತೆರೆಯ ಎದುರು ವೀಣೆ, ಕೊಳಲು ಎಲ್ಲ ಅಂಗಳದವರೆಗೂ ಕೇಳಿಸಿತು. ಅದರ ಮೇಲೆಯೇ ವನಮಾಲಕ್ಕನ ಮಾತು ಬಂದಿರಬೇಕು. ನನಗೆ ಪದಗಳು ಕೇಳಿಸಲಿಲ್ಲ. ರುದ್ರಣ್ಣನಿಗೆ ಕೇಳಿಸಿತು. ಅದು ಅವರ ಮುಖದಲ್ಲಿ ಕಂಡಿತು. ಹೆಂಡತಿಯ ಆ ದನಿಯನ್ನು ಅವರು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ತುಟಿಗಳಲ್ಲಿ ದೂರಿನ ಹಾಗೆ ಕಂಡಿದ್ದು ದನಿಯಲ್ಲಿ ಬೇರೆ ಏನೋ ಆಗಿ ಬಂದಿರಬೇಕು. ಅವರು ಬಹಳ ಹೊತ್ತು ನೆಲ ನೋಡಿದರು. ಆಮೇಲೆ ತಲೆ ಎತ್ತಿ ಒಂದೇ ಪದ ಆಡಿದರು. ಅದನ್ನೂ ಓದಿದೆ.

"ನನಗೂ."

ಆಗ ಶುರುವಾಯಿತು ಆ ಮನೆಯ ದೊಡ್ಡ ಬಿಡುವು. ಬಾಗಿಲು ವನಮಾಲಕ್ಕನ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು, ಕಾಲಲ್ಲಿ ಚಪ್ಪಲಿಯೂ ಇತ್ತು. ಅವರು ಒಮ್ಮೆ ಬಾಗಿಲಿನ ಕಡೆ ನೋಡಿದರು. ಅಂಗಳದಲ್ಲಿದ್ದ ನಮ್ಮನ್ನೂ ನೋಡಿದರು. ಎದ್ದು ಹೋಗಲು ನಮ್ಮ ಊರಿನ ಎಲ್ಲ ಹಕ್ಕೂ ಅವರಿಗಿತ್ತು. ಅವರು ಬಗ್ಗಿ ಒಂದು ಚಪ್ಪಲಿ ಬಿಚ್ಚಿದರು, ಇನ್ನೊಂದು ಬಿಚ್ಚಿದರು. ಕಾಲು ಮೇಲೆಳೆದುಕೊಂಡು ಬೆತ್ತದ ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಗಂಡನ ಮಾತು ಬರುವುದನ್ನು ಕಾಯತೊಡಗಿದರು. ಅಷ್ಟು ತುಂಬಿದ ಮೌನವನ್ನು ನಾನು ಬೇರೆ ಯಾವ ಮನೆ ಮುಂದೆಯೂ ನಿಂತು ಕಂಡಿಲ್ಲ.

ಮುನೀರ್ ಸಾಹೇಬರು ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು. "ಚಿತ್ರ ಬಂತಾ?"

"ಇಲ್ಲ."

"ನಿನ್ನ ಬಾವಿ ಹಗ್ಗ ಕೈ ಕೊಡ್ತಾ ಹಾಗಾದ್ರೆ?"

"ಕೇಬಲ್ ಸರಿಯಾಗಿದೆ ಸಾಹೇಬ್ರೆ. ನಾನೇ ಆರಿಸಿದ್ದು."

"ಮತ್ತೆ ಮೆಷಿನ್ನು? ಎತ್ತಕ್ಕೆ ಒಳಗೆ ಹೋಗ್ಬೇಕೋ ಬೇಡ್ವೋ?"

"ಹಗ್ಗ ಸುತ್ತಿಡಿ," ಎಂದೆ.

ಅಂಗಳದ ಬಿಡುವು ಚಿಕ್ಕದು. ಆದರೂ ಅವರು ನನ್ನ ತುಟಿ ಓದಿದ ಮೇಲೆ, ದನಿ ಬರುವವರೆಗೆ ಕಾದರು. ಬಂದ ಮೇಲೆ ಆಟೋದ ಹಿಂಬದಿಗೆ ಹೋಗಿ ಹಗ್ಗವನ್ನು ಮೊಣಕೈಗೆ ಸುತ್ತತೊಡಗಿದರು.